ಉಸುಕಿನಿಂದ ಕೀಲಿಮಣೆಗೆ: ಕೋಡ ಸೀಮೆಯ ಸಾಲಿ ಮಾಸ್ತರರು ಮತ್ತು ಬರಹದ ಸಾಧನಗಳು

ಹಿಂದೆ ಕೋಡ ಸೀಮೆಯೆನಿಸಿದ್ದ ಹಿರೇಕೆರೂರು ತಾಲೂಕಿನ ಹಂಸಭಾವಿ ದೊಡ್ಡ ಪಟ್ಟಣವಲ್ಲ. ಆದರೂ ಮೃತ್ಯುಂಜಯ ವಿದ್ಯಾಪೀಠದ ಶಾಲೆ ಕಾಲೇಜುಗಳಿಂದಾಗಿ ಸುತ್ತಲಿನ ಹಳ್ಳಿಗಳವರು ಅದನ್ನು ವಿದ್ಯೆಯ ಊರು ಎಂದೇ ಬಲ್ಲರು. ಈ ಸೀಮೆಯ ಶಾಲೆಗಳ ಬಗ್ಗೆ, ಹಾಗೆ ನೋಡಿದರೆ ಕನ್ನಡ ನಾಡಿನ ಎಲ್ಲ ಹಳ್ಳಿ ಶಾಲೆಗಳ ಬಗ್ಗೆ, ಇಂದು ಒಂದು ದೂರು ಮೇಲಿಂದ ಮೇಲೆ ಕೇಳಿಬರುತ್ತದೆ. ಕಂಪ್ಯೂಟರ್ ಬಂದು ಎರಡು ದಶಕ ಕಳೆದಿವೆ, ಮೊಬೈಲ್ ಮನೆಮನೆ ಸೇರಿದೆ, ಆದರೆ ತರಗತಿಯಲ್ಲಿ ಮಕ್ಕಳು ಕನ್ನಡದಲ್ಲಿ ಬರೆಯುವುದು ಇನ್ನೂ ನೋಟ್‌ಬುಕ್ಕಿನಲ್ಲಿ ಮಾತ್ರ; ತೆರೆಯ ಮೇಲೆ ಬರೆಯುವುದನ್ನು, ತಿದ್ದುವುದನ್ನು, ಬೇರೆಯವರು ಓದುವಂತೆ ಅಣಿಗೊಳಿಸುವುದನ್ನು ಮಾಸ್ತರರು ಕಲಿಸುತ್ತಿಲ್ಲ ಎಂಬುದು ಆ ದೂರು. ಇದಕ್ಕೆ ಸಾಮಾನ್ಯವಾಗಿ ಎರಡು ಕಾರಣ ಕೊಡುತ್ತಾರೆ. ಒಂದು, ಯಂತ್ರಗಳು ಸಾಲವು. ಎರಡು, ಶಿಕ್ಷಕರಿಗೆ ಹೊಸದೆಂದರೆ ಅಂಜಿಕೆ. ಈ ಸೀಮೆಯ ಇನ್ನೂರು ವರ್ಷಗಳ ಶಾಲಾ ಚರಿತ್ರೆಯನ್ನು ತಾಳ್ಮೆಯಿಂದ ನೋಡಿದರೆ ಎರಡನೆಯ ಕಾರಣ ಸುಳ್ಳೆಂದೂ ಮೊದಲನೆಯದು ಅರ್ಧ ಸತ್ಯವೆಂದೂ ಗೊತ್ತಾಗುತ್ತದೆ. ಇಲ್ಲಿಯ ಮಾಸ್ತರರು ಉಸುಕಿನಿಂದ ಪಾಟಿಗೆ, ಪಾಟಿಯಿಂದ ಕಾಗದ ಶಾಯಿಗೆ ತರಗತಿಯನ್ನು ದಾಟಿಸಿದವರು. ಆ ದಾಟುವಿಕೆ ಯಶಸ್ವಿಯಾದಾಗಲೆಲ್ಲ ಮೂರು ಸಂಗತಿಗಳು ಕೂಡಿಬಂದಿದ್ದವು: ಸಾಧನ ಮೊದಲು ಮಾಸ್ತರರ ಸ್ವಂತ ಬರವಣಿಗೆಗೆ ಒದಗಿತ್ತು, ಅದನ್ನು ಬಳಸುವ ರೀತಿ ಎಲ್ಲ ಶಾಲೆಗೂ ಒಂದೇ ಆಗಿತ್ತು, ಅದರಲ್ಲಿ ಬರೆದದ್ದಕ್ಕೆ ಪರೀಕ್ಷೆಯಲ್ಲಿ ಬೆಲೆ ಇತ್ತು. ಡಿಜಿಟಲ್ ಬರಹದ ಕಾಲದಲ್ಲಿ ಈ ಮೂರೂ ತಪ್ಪಿಹೋಗಿವೆ.

ಸರಕಾರಿ ಶಾಲೆಗಳು ಬರುವ ಮೊದಲು ಕನ್ನಡ ನಾಡಿನ ಹಳ್ಳಿಗಳಲ್ಲಿ ಮಕ್ಕಳು ಅಕ್ಷರ ಕಲಿಯುತ್ತಿದ್ದುದು ಕೂಲಿಮಠಗಳಲ್ಲಿ. ಊರ ಗುಡಿಯಲ್ಲೋ, ಮಠದ ಪಡಸಾಲೆಯಲ್ಲೋ, ಗುರುವಾದ ಐಗಳ ಮನೆಯ ಕಟ್ಟೆಯ ಮೇಲೋ ಅವು ನಡೆಯುತ್ತಿದ್ದವು. ಪಾಲಕರು ಕೊಡುವ ಕಾಳು ಕಡಿ ದುಡ್ಡಿನಿಂದಲೇ ಗುರುವಿನ ಹೊಟ್ಟೆ ತುಂಬಬೇಕಿತ್ತು. ಈ ಶಾಲೆಗಳ ಒಳಗಿನ ಚಿತ್ರವನ್ನು ಬಲು ನಿಚ್ಚಳವಾಗಿ ಬರೆದಿಟ್ಟವನು ತುಂಗಭದ್ರೆಯ ಆಚೆ ಬಳ್ಳಾರಿಯಲ್ಲಿ ಕಲೆಕ್ಟರನಾಗಿದ್ದ ಎ.ಡಿ. ಕ್ಯಾಂಬೆಲ್. ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಎಲ್ಲ ಜಿಲ್ಲೆಗಳ ಶಾಲೆಗಳ ಲೆಕ್ಕ ಕೇಳಿದ್ದ; ಅದಕ್ಕೆ ಉತ್ತರವಾಗಿ ಕ್ಯಾಂಬೆಲ್ 1823ರ ಆಗಸ್ಟ್‌ನಲ್ಲಿ ಕಳಿಸಿದ ವರದಿಯಲ್ಲಿ ತನ್ನ ಜಿಲ್ಲೆಯ 533 ಶಾಲೆಗಳನ್ನೂ 6,641 ವಿದ್ಯಾರ್ಥಿಗಳನ್ನೂ ಲೆಕ್ಕ ಹಿಡಿದ. ಅವುಗಳಲ್ಲಿ 235 ಕನ್ನಡ ಶಾಲೆಗಳು. ಮಗು ಮೊದಲು ನೆಲದ ಮೇಲೆ ಹರಡಿದ ಉಸುಕಿನಲ್ಲಿ ಬೆರಳಿನಿಂದ ಅಕ್ಷರ ತಿದ್ದುತ್ತಿತ್ತು. ಬಾಯಲ್ಲಿ ಉರು ಹೊಡೆಯುವುದಕ್ಕಿಂತ ಮುಂಚೆಯೇ ಕೈ ಆ ಆಕಾರವನ್ನು ಕಲಿಯುತ್ತಿತ್ತು. ಬೆರಳು ಪಳಗಿದ ಮೇಲೆ ಓಲೆಯ ಮೇಲೆ ಕಬ್ಬಿಣದ ಕಂಠದಿಂದ ಇಲ್ಲವೆ ಕಾಗದದ ಮೇಲೆ ಲಾಳದ ಲೇಖನಿಯಿಂದ ಬರೆಯುವ ಅವಕಾಶ. ದಿನದ ಅಭ್ಯಾಸಕ್ಕೆ ಹಲಿಗೆ ಮತ್ತು ಕಡತ. ಹಲಿಗೆಯೆಂದರೆ ಅನ್ನ, ಇದ್ದಿಲ ಪುಡಿ ಸವರಿದ ಮರದ ಹಲಗೆ. ಕಡತವೆಂದರೆ ಗಂಜಿ ಹಾಕಿ ಬಿರುಸು ಮಾಡಿ, ಪುಸ್ತಕದ ಹಾಗೆ ಮಡಿಸಿ, ಇದ್ದಿಲು ಅಂಟುಗಳ ಲೇಪ ಕೊಟ್ಟ ಬಟ್ಟೆ. ಎರಡರ ಮೇಲೂ ಬಳಪದಿಂದ ಬರೆದು ಒದ್ದೆ ಬಟ್ಟೆಯಿಂದ ಒರೆಸಬಹುದಿತ್ತು.

ಈ ವರದಿಯಲ್ಲಿ ನಮ್ಮ ಇಂದಿನ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ ಎರಡು ಮಾತುಗಳಿವೆ. ಇಷ್ಟು ಕಡಿಮೆ ಖರ್ಚಿನಲ್ಲಿ ಮಕ್ಕಳಿಗೆ ಬರೆಯಲು ಕಲಿಸುವ ಪದ್ಧತಿಯನ್ನೂ ಕಲಿಕೆಯಲ್ಲಿ ಮುಂದಿದ್ದ ಹುಡುಗರು ಹಿಂದಿದ್ದವರಿಗೆ ಕಲಿಸುವ ಏರ್ಪಾಡನ್ನೂ ಕ್ಯಾಂಬೆಲ್ ಮನಸಾರೆ ಮೆಚ್ಚಿದ. ಇಂಗ್ಲೆಂಡಿನಲ್ಲಿ ಇದರ ಅನುಕರಣೆ ಆದದ್ದು ಸಲ್ಲತಕ್ಕದ್ದೇ ಎಂದ. ಮದರಾಸಿನ ಅನಾಥಾಲಯದಲ್ಲಿದ್ದ ಆಂಡ್ರ್ಯೂ ಬೆಲ್ ಉಸುಕಿನ ಬರಹವನ್ನು ಇಲ್ಲಿಯ ಶಾಲೆಗಳಿಂದ ಕಲಿತು, ಹಿರಿಯ ಹುಡುಗರಿಂದ ಕಲಿಸುವ ಕ್ರಮದೊಡನೆ ಅದನ್ನು 1797ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟಿಸಿದ್ದ. ಕ್ಯಾಂಬೆಲ್‌ನ ಇನ್ನೊಂದು ಮಾತು ಕಹಿಯಾದದ್ದು. ಓದುವ ಪುಸ್ತಕಗಳು ಹಳಗನ್ನಡದ ಕಾವ್ಯಭಾಷೆಯಲ್ಲಿದ್ದುದರಿಂದ ಹುಡುಗರು ಪದ್ಯಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದರೇ ಹೊರತು ಅರ್ಥ ತಿಳಿಯುತ್ತಿರಲಿಲ್ಲ. ಗುರುವಿಗೂ ಬಹುಪಾಲು ತಿಳಿದಿರಲಿಲ್ಲ. ಅಂದರೆ ಅಕ್ಷರ ಮೂಡಿಸುವ ಸಾಧನ ಅಗ್ಗವಾಗಿಯೂ ಚೆನ್ನಾಗಿಯೂ ಇದ್ದರೂ ಆ ಅಕ್ಷರದಿಂದ ಏನು ಹೇಳಬೇಕೆಂಬುದು ಕಲಿಸದೇ ಉಳಿದಿತ್ತು. ಸಾಧನ ಒದಗಿದ ಮಾತ್ರಕ್ಕೆ ಬರವಣಿಗೆ ಒದಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿಯನ್ನು ಹುಡುಕಬೇಕಾಗಿಲ್ಲ. ಕಂಪ್ಯೂಟರ್ ಕೋಣೆ ಕಟ್ಟಿಸಿ ಅದನ್ನೇ ಸಾಧನೆಯೆಂದು ವರದಿ ಬರೆಯುವವರು ಈ ಭಾಗವನ್ನು ಒಮ್ಮೆ ಓದಬೇಕು.

ಪೇಶ್ವೆಯರ ಪತನದ ನಂತರ, 1818ರಲ್ಲಿ, ಧಾರವಾಡ ಸೀಮೆ ಇಂಗ್ಲಿಷರ ಆಡಳಿತಕ್ಕೆ ಬಂದು ಮುಂದೆ ಮುಂಬಯಿ ಇಲಾಖೆಗೆ ಸೇರಿತು. ಇಂದಿನ ಹಿರೇಕೆರೂರು ತಾಲೂಕಿಗೆ ಆಗಿನ ಹೆಸರು ಕೋಡ ತಾಲೂಕು. ಕಚೇರಿ ಇದ್ದುದು ಹಿರೇಕೆರೂರಿನಲ್ಲೇ. ಜನ ಆಡುವುದು ಕನ್ನಡವಾದರೂ ಸರಕಾರದ ಕಾಗದಪತ್ರ ಮರಾಠಿಯಲ್ಲಿ, ಮೋಡಿ ಲಿಪಿಯಲ್ಲಿ ನಡೆಯುತ್ತಿದ್ದವು. ಹೀಗಾಗಿ ಬರಹದ ಮೊದಲ ಸಮಸ್ಯೆ ಸಾಧನದ್ದಾಗಿರದೆ ಭಾಷೆ ಲಿಪಿಗಳದ್ದಾಗಿತ್ತು. ಧಾರವಾಡದಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಈಲಿಯಟ್ ಕನ್ನಡಿಗರ ಮಕ್ಕಳಿಗೆ ಕನ್ನಡ ಶಾಲೆಯೇ ಬೇಕೆಂದು ಒತ್ತಾಯಿಸಿದವರಲ್ಲಿ ಮೊದಲಿಗ. 1854ರ ವುಡ್‌ನ ವಿದ್ಯಾಪತ್ರದ ಬೆನ್ನಿಗೆ ವಿದ್ಯಾ ಇಲಾಖೆ ಹುಟ್ಟಿತು. ಇನ್ಸ್‌ಪೆಕ್ಟರ್ ರಸೆಲ್ ಮತ್ತು ಡೆಪ್ಯುಟಿ ಇನ್ಸ್‌ಪೆಕ್ಟರ್ ಚನ್ನಬಸಪ್ಪನವರ ದುಡಿಮೆಯಿಂದ ಕನ್ನಡ ಶಾಲೆಗಳು ಹಳ್ಳಿಗಳಿಗೆ ಹಬ್ಬಿದವು. ಇಲ್ಲಿ ಗಮನಿಸಬೇಕಾದದ್ದು ಕೆಲಸ ನಡೆದ ಅನುಕ್ರಮ. ಶಾಲೆಗಳ ಜೊತೆಜೊತೆಗೇ ಧಾರವಾಡದಲ್ಲಿ ಮಾಸ್ತರರನ್ನು ತಯಾರು ಮಾಡುವ ನಾರ್ಮಲ್ ಸ್ಕೂಲ್ ನಡೆಯುತ್ತಿತ್ತು. ಮುಂದೆ ಟ್ರೇನಿಂಗ್ ಕಾಲೇಜಾದ ಆ ಸಂಸ್ಥೆಗೆ ಚನ್ನಬಸಪ್ಪನವರೇ ಮುಖ್ಯಸ್ಥರಾಗಿದ್ದರು. 1865ರಲ್ಲಿ ಮಾಸ್ತರರಿಗಾಗಿಯೇ ‘ಮಠಪತ್ರಿಕೆ’ ಎಂಬ ಪತ್ರಿಕೆ ಹೊರಟಿತು. ವೆಂಕಟರಂಗೋ ಕಟ್ಟಿಯವರಂಥ ವಿದ್ವಾಂಸರ ಕೈಯಲ್ಲಿ ಬೆಳೆದು, ಹೆಸರು ಬದಲಿಸಿಕೊಳ್ಳುತ್ತ, ‘ಜೀವನ ಶಿಕ್ಷಣ’ವಾಗಿ ಅದು ಇಂದಿಗೂ ಧಾರವಾಡದಿಂದ ಹೊರಡುತ್ತಿದೆ. ಹಳ್ಳಿಯ ಮೂಲೆಯಲ್ಲಿದ್ದ ಮಾಸ್ತರನಿಗೆ ಇಲಾಖೆಯ ಆಜ್ಞೆಯ ಜೊತೆಗೆ ಓದಲು ಗದ್ಯ ಸಿಕ್ಕಿತು, ತಾನೂ ಬರೆದು ಕಳಿಸಬಹುದಾದ ಒಂದು ತಾವು ಸಿಕ್ಕಿತು. ಕಾವ್ಯ ಒಪ್ಪಿಸುವ ಕೂಲಿಮಠದಿಂದ ಗದ್ಯ ಬರೆಯುವ ಕನ್ನಡ ಸಾಲಿಗೆ ಆದ ಬದಲಾವಣೆ ಇದೇ.

ಹಲಿಗೆ ಕಡತಗಳ ಜಾಗಕ್ಕೆ ಪಾಟಿ ಬಂತು. ಮೇಲಿನ ಇಯತ್ತೆಗಳಲ್ಲಿ ಟಾಕು (ಅದ್ದಿ ಬರೆಯುವ ಲೇಖನಿ), ದೌತಿ (ಶಾಯಿ ಕುಡಿಕೆ), ಕಾಗದ. ಇವು ನೆಲೆಯೂರಲು ಕಾರಣ ಮಾಸ್ತರರ ಬದುಕಿನಲ್ಲೇ ಇತ್ತು. ಕನ್ನಡ ಸಾಲಿಯ ಕೊನೆಯ ಪರೀಕ್ಷೆಯಾದ ಮುಲ್ಕಿ ಪಾಸಾದವನು ಊರ ಲೆಕ್ಕ ಬರೆಯುವ ತಲಾಠಿಯಾಗಬಹುದಿತ್ತು, ಮಾಸ್ತರನಾಗಬಹುದಿತ್ತು. ಎರಡೂ ದಿನವಿಡೀ ಬರೆಯುವ ಉದ್ಯೋಗಗಳು. ಸಾಲಿ ಮಾಸ್ತರ ಊರಿನ ಅರ್ಜಿ ಬರೆಯುವವನು, ದೂರದ ಮಗನಿಗೆ ತಾಯಿಯ ಪತ್ರ ಬರೆಯುವವನು, ಬಂದ ಪತ್ರ ಓದಿ ಹೇಳುವವನು. ಎಷ್ಟೋ ಹಳ್ಳಿಗಳಲ್ಲಿ ಶಾಲೆಯ ಜೊತೆಗೆ ಅಂಚೆಯನ್ನೂ ನೋಡಿಕೊಳ್ಳುತ್ತಿದ್ದವನು. ಟಾಕು ಅವನಿಗೆ ಪಾಠೋಪಕರಣವಾಗುವ ಮುಂಚೆ ಸ್ವಂತ ದುಡಿಮೆಯ ಉಪಕರಣವಾಗಿತ್ತು. ಶಿಗ್ಗಾವಿ ತಾಲೂಕಿನ ಶಿಶುವಿನಹಾಳದ ಶರೀಫರು ಕೆಲಕಾಲ ಸಾಲಿ ಮಾಸ್ತರರಾಗಿದ್ದವರೆಂಬುದನ್ನು ಈ ಸೀಮೆ ಮರೆತಿಲ್ಲ. ಇನ್ನೂ ಸ್ಪಷ್ಟವಾದ ನಿದರ್ಶನ ಹಾವೇರಿ ತಾಲೂಕಿನ ಗಳಗನಾಥದ ವೆಂಕಟೇಶ ತಿರಕೋ ಕುಲಕರ್ಣಿಯವರದು. ಮಾಸ್ತರಿಕೆ ಮಾಡುತ್ತಲೇ ಕಾದಂಬರಿ ಬರೆದ ಅವರು ಆಮೇಲೆ ಆ ಕೆಲಸ ಬಿಟ್ಟು, ಅಗಡಿಯ ಆನಂದವನದಿಂದ 1907ರಲ್ಲಿ ಹೊರಟ ‘ಸದ್ಬೋಧ ಚಂದ್ರಿಕೆ’ಯನ್ನು ಕಟ್ಟಿ ಬೆಳೆಸಿದರು, ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಅಚ್ಚಿನ ಮೊಳೆ ಆ ಕಾಲದ ಹೊಸ ಯಂತ್ರ. ಅದರಲ್ಲಿ ಮೂಡಿದ್ದನ್ನು ಹಳ್ಳಿಗೆ ತಂದು ಕನ್ನಡ ಓದುಗರನ್ನು ಹುಟ್ಟಿಸಿದವರಲ್ಲಿ ಒಬ್ಬರು ಸಾಲಿ ಮಾಸ್ತರರಾಗಿದ್ದವರು. ಮಾಸ್ತರರೆಂದರೆ ಹೊಸತಿಗೆ ಅಂಜುವವರು ಎಂಬ ಮಾತಿಗೆ ಈ ನೆಲದಲ್ಲಿ ಆಧಾರವಿಲ್ಲ.

ಎರಡನೆಯ ಮೂರನೆಯ ಸಂಗತಿಗಳನ್ನು, ಅಂದರೆ ಬಳಸುವ ಒಂದೇ ರೀತಿಯನ್ನೂ ಪರೀಕ್ಷೆಯಲ್ಲಿನ ಬೆಲೆಯನ್ನೂ, ಇಲಾಖೆ ಒದಗಿಸಿತು. ಕಿತ್ತಾ ಬರೆಯುವುದು, ಶುದ್ಧಲೇಖನ, ಪತ್ರಲೇಖನ, ನಿಬಂಧ ಎಂಬ ಕ್ರಮ ಬೆಳಗಾವಿಯಿಂದ ಕೋಡದವರೆಗೆ ಒಂದೇ ಆಗಿತ್ತು. ಅಕ್ಷರದ ದುಂಡು, ಗೆರೆಯ ಮೇಲೆ ತಲೆಕಟ್ಟಿನ ಜೋಡಣೆ, ಒತ್ತಕ್ಷರದ ಜಾಗ, ಎಲ್ಲಕ್ಕೂ ಗೊತ್ತಾದ ಮಾದರಿಯಿತ್ತು. ಒಂದು ಶಾಲೆಯಿಂದ ಇನ್ನೊಂದಕ್ಕೆ ವರ್ಗವಾಗಿ ಬಂದ ಮಾಸ್ತರ ಹೊಸದಾಗಿ ಏನನ್ನೂ ಕಲಿಯಬೇಕಾಗಿರಲಿಲ್ಲ. ಡೆಪ್ಯುಟಿ ಸಾಹೇಬರು ತಪಾಸಣೆಗೆ ಬಂದಾಗ ಮಕ್ಕಳ ಕೈಬರಹವನ್ನೂ ಶುದ್ಧಲೇಖನವನ್ನೂ ನೋಡುತ್ತಿದ್ದರು. ಶಾಲೆಯ ಹೆಸರು ಅದರ ಮೇಲೆ ನಿಂತಿತ್ತು. ಈ ಏರ್ಪಾಡಿನಲ್ಲಿ ದೋಷವೂ ಇತ್ತೆಂಬುದನ್ನು ಮರೆಮಾಚಬಾರದು. ಪರೀಕ್ಷಕನ ಕಣ್ಣಿಗೆ ಸುಲಭವಾಗಿ ಬೀಳುವುದು ಅಕ್ಷರದ ಅಂದವೇ ಆದ್ದರಿಂದ, ಮಗು ಸ್ವಂತ ಮಾತು ಬರೆಯಿತೇ ಎಂಬ ಪ್ರಶ್ನೆ ಹಿಂದೆ ಬಿತ್ತು. ನಿಬಂಧವನ್ನೂ ಬಾಯಿಪಾಠ ಮಾಡಿಸುವ ರೂಢಿ ಬೆಳೆದು ಇಂದಿನ ಗೈಡುಗಳವರೆಗೆ ಹರಿದುಬಂದಿದೆ. ಬರೆದದ್ದನ್ನು ಮತ್ತೆ ನೋಡಿ, ಸಾಲು ಹಿಂದುಮುಂದು ಮಾಡಿ, ಬೇಡದ್ದನ್ನು ತೆಗೆದು ಇನ್ನೊಮ್ಮೆ ಬರೆಯುವುದು ಬರವಣಿಗೆಯ ತಿರುಳು. ಕಾಗದ ತುಟ್ಟಿಯಾಗಿದ್ದಾಗ, ಅರವತ್ತು ಮಕ್ಕಳ ವಹಿಗಳನ್ನು ಒಬ್ಬನೇ ತಿದ್ದಬೇಕಾದಾಗ, ಮಾಸ್ತರ ಅದನ್ನು ಮಾಡಿಸಲಾರದಾದ. ಡಿಜಿಟಲ್ ಬರಹ ತರಗತಿಗೆ ಏಕೆ ಬೇಕು ಎಂಬುದಕ್ಕೆ ಉತ್ತರ ಇಲ್ಲೇ ಇದೆ. ಪಾಟಿಯಂತೆ ಒರೆಸಿ ತಿದ್ದಬಹುದಾದ, ಕಾಗದದಂತೆ ಉಳಿಯುವ ಸಾಧನ ಅದು. ನಮ್ಮ ಶಾಲೆಗಳು ನೂರೈವತ್ತು ವರ್ಷ ಮಾಡಿಸಲಾಗದ ಮರುಬರಹವನ್ನು ಅದು ಮಾಡಿಸಬಲ್ಲದು.

ಇನ್ನು ಶಾಲೆಯ ಹೊಸ್ತಿಲು ದಾಟದೇ ಹೋದ ಒಂದು ಸಾಧನದ ಕಥೆಯನ್ನೂ ನೋಡಬೇಕು. ಟೈಪ್‌ರೈಟರ್ ಕಚೇರಿಗಳಿಗೆ ಬಂತು, ಕನ್ನಡ ಕೀಲಿಮಣೆಯೂ ಬಂತು. ತಾಲೂಕು ಊರುಗಳಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟುಗಳು ತಲೆಯೆತ್ತಿದವು. ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗ ಹುಡುಗಿಯರು ಜೂನಿಯರ್, ಸೀನಿಯರ್ ಪರೀಕ್ಷೆ ಕಟ್ಟಿ ನೌಕರಿಗೆ ಅರ್ಜಿ ಹಾಕುತ್ತಿದ್ದರು. ಆದರೆ ಕನ್ನಡ ಕಲಿಸುವ ಮಾಸ್ತರರಿಗೂ ಆ ಯಂತ್ರಕ್ಕೂ ಸಂಬಂಧವೇ ಹುಟ್ಟಲಿಲ್ಲ. ಅವರ ಕೆಲಸಕ್ಕೆ ಅದು ಬೇಕಿರಲಿಲ್ಲ, ಪಠ್ಯದಲ್ಲಿ ಅದಿರಲಿಲ್ಲ, ಭಾಷಾ ಪರೀಕ್ಷೆಯಲ್ಲಿ ಅದಕ್ಕೆ ಅಂಕವಿರಲಿಲ್ಲ. ಹೀಗೆ ಟೈಪಿಂಗ್ ಎಂಬುದು ಬೇರೆಯವರು ಬರೆದದ್ದನ್ನು ಬಡಿಯುವ ಕಸುಬಾಗಿ, ಸ್ವಂತ ವಿಚಾರ ಬರೆಯುವ ಕಲೆಯಿಂದ ದೂರವೇ ಉಳಿಯಿತು. ಕಂಪ್ಯೂಟರ್ ಬಂದಾಗ ನಮ್ಮ ಶಾಲೆಗಳು ಹಿಡಿದದ್ದು ಪಾಟಿಯ ದಾರಿಯನ್ನಲ್ಲ, ಈ ಟೈಪ್‌ರೈಟರಿನ ದಾರಿಯನ್ನು. ಎಲ್ಲ ತೊಡಕುಗಳ ಬೇರು ಅಲ್ಲಿದೆ.

ಕನ್ನಡವನ್ನು ಕಂಪ್ಯೂಟರಿಗೆ ತಂದವರ ಶ್ರಮ ದೊಡ್ಡದು. ಕೆ.ಪಿ. ರಾವ್ ಅವರು ಕನ್ನಡ ವರ್ಣಮಾಲೆಯ ತರ್ಕಕ್ಕೆ ಒಪ್ಪುವ ಕೀಲಿಮಣೆಯನ್ನು ರೂಪಿಸಿದರು. 1991ರಲ್ಲಿ, ಎಲ್ಲ ಲಿಪಿಗಳಿಗೂ ಒಂದೇ ಸಂಕೇತಕ್ರಮ ಕೊಡುವ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ಸಿಕ್ಕಿತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರಕಾರಿ ಕಚೇರಿಗಳಲ್ಲಿ ನೆಲೆಸಿತು. ಆದರೆ ಶಿಕ್ಷಕರ ಮುಂದೆ ಬಂದು ನಿಂತದ್ದು ಒಂದೇ ಮಾದರಿಯಲ್ಲ, ಹಲವು. ‘ಅಮ್ಮ’ ಎಂಬ ಮಗುವಿನ ಮೊದಲ ಪದವನ್ನೇ ತೆಗೆದುಕೊಳ್ಳಿ. ಕೆ.ಪಿ. ರಾವ್ ವಿನ್ಯಾಸದಲ್ಲಿ ಎ, ಎಂ, ಎಫ್, ಎಂ ಕೀಲಿಗಳನ್ನು ಒತ್ತಬೇಕು: ಅ, ಮ, ಒತ್ತು ಕೊಡುವ ಗುರುತು, ಮತ್ತೆ ಮ. ಲಿಪ್ಯಂತರಣ ಪದ್ಧತಿಯಲ್ಲಿ ಇಂಗ್ಲಿಷ್ ಕಾಗುಣಿತದಂತೆ ಎ, ಎಂ, ಎಂ, ಎ. ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ಕೀಲಿಮಣೆಯಲ್ಲಿ ಅಕ್ಷರಗಳ ಜಾಗಗಳೇ ಬೇರೆ. ಮೊಬೈಲಿನಲ್ಲಿ ಮತ್ತೊಂದು ಬಗೆ. ಇದರ ಮೇಲೆ, ಹಳೆಯ ನುಡಿ ಫಾಂಟಿನಲ್ಲಿ ಸಿದ್ಧಪಡಿಸಿದ ಕಡತವನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತಿದ್ದವು. ಧಾರವಾಡದಲ್ಲಿ ಮಾಡಿದ ಪ್ರಶ್ನೆಪತ್ರಿಕೆ ಹಂಸಭಾವಿಯಲ್ಲಿ ತೆರೆಯದಿದ್ದರೆ ತಪ್ಪು ಮಾಸ್ತರರದಲ್ಲ. ಕಿತ್ತಾ ಬರಹಕ್ಕೆ ಇದ್ದ ಒಮ್ಮತ ಕೀಲಿಮಣೆಗೆ ಎಂದೂ ಸಿಗಲಿಲ್ಲ.

ಈ ಗೊಂದಲದಲ್ಲೂ ಕಲಿಸುವವರಿಗೆ ಒಂದು ನಿಧಿಯಿತ್ತು; ಅದನ್ನು ಅವರಿಗೆ ತೋರಿಸಿಕೊಟ್ಟವರು ಕಡಿಮೆ. ಕೆ.ಪಿ. ರಾವ್ ವಿನ್ಯಾಸದಲ್ಲಿ ದ ಮತ್ತು ಧ, ಬ ಮತ್ತು ಭ ಒಂದೇ ಕೀಲಿಯಲ್ಲಿವೆ. ಮಹಾಪ್ರಾಣಕ್ಕೆ ಶಿಫ್ಟ್ ಒತ್ತಬೇಕು. ಕೈಬರಹದಲ್ಲಿ ಧ ಬರೆಯುವಾಗ ಕೆಳಗಿನ ಗೀಟು ಮರೆತರೂ ಮಗುವಿಗೆ ಎಚ್ಚರವಾಗುವುದಿಲ್ಲ. ಕೀಲಿಮಣೆಯಲ್ಲಿ ಇದು ಮಹಾಪ್ರಾಣವೇ ಅಲ್ಲವೇ ಎಂದು ತೀರ್ಮಾನಿಸದೆ ಬೆರಳು ಮುಂದೆ ಹೋಗದು. ಒತ್ತಕ್ಷರವನ್ನು ಕೆಳಗೆ ತೂಗುಬಿಟ್ಟ ಚಿತ್ರವಾಗಿ ಕಾಣುವ ಮಗುವಿಗೆ, ಎರಡು ವ್ಯಂಜನಗಳ ನಡುವೆ ಸ್ವರ ಬಿಟ್ಟುಹೋಗಿದೆ ಎಂಬ ವ್ಯಾಕರಣದ ಸತ್ಯ ಆ ಎಫ್ ಕೀಲಿಯಲ್ಲಿ ಕಣ್ಣಿಗೆ ಕಟ್ಟುತ್ತದೆ. ಗುಣಿತಾಕ್ಷರ, ಸಂಯುಕ್ತಾಕ್ಷರಗಳ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಜೊತೆ ಬೇಕೆ? ಇದನ್ನು ಮಾಡಿಸಬಲ್ಲವರು ಕನ್ನಡ ಮಾಸ್ತರರು ಮಾತ್ರ. ಆದರೆ ಕಂಪ್ಯೂಟರ್ ಕೋಣೆಯ ಬೀಗದ ಕೈ ಅವರ ಬಳಿ ಇರಲಿಲ್ಲ.

ಆ ಬೀಗದ ಕಥೆಯೂ ದಾಖಲೆಯಲ್ಲಿದೆ. 2001ರಲ್ಲಿ ಕರ್ನಾಟಕ ಸರಕಾರ ಒಂದು ಸಾವಿರ ಸರಕಾರಿ ಪ್ರೌಢಶಾಲೆಗಳಲ್ಲಿ ‘ಮಾಹಿತಿ ಸಿಂಧು’ ಯೋಜನೆ ಆರಂಭಿಸಿತು. ಯಂತ್ರಗಳೂ ಅವನ್ನು ಕಲಿಸುವ ತರಬೇತುದಾರರೂ ಖಾಸಗಿ ಕಂಪನಿಗಳ ಕಡೆಯಿಂದ ಬಂದರು. ಮುಂದಿನ ಹಂತಗಳಲ್ಲೂ ಖಾಸಗಿ ಸಂಸ್ಥೆ ಉಪಕರಣ ಹೂಡಿ, ಕೆಲ ವರ್ಷ ನಡೆಸಿ, ಆಮೇಲೆ ಶಾಲೆಗೆ ಒಪ್ಪಿಸುವ ಪದ್ಧತಿಯೇ ನಡೆಯಿತು. ತರಬೇತುದಾರರಿಗೆ ಯಂತ್ರ ಗೊತ್ತಿತ್ತು, ಕನ್ನಡ ಬರವಣಿಗೆಯ ಪಾಠ ಅವರ ಹೊಣೆಯಾಗಿರಲಿಲ್ಲ; ಮಾಸ್ತರರಿಗೆ ಬರವಣಿಗೆಯ ಪಾಠ ಗೊತ್ತಿತ್ತು, ಯಂತ್ರ ಅವರ ಹೊಣೆಯಾಗಿರಲಿಲ್ಲ. ಕೂರಿಗೆ ಒಬ್ಬರ ಹೊಲದಲ್ಲಿ, ಬೀಜ ಇನ್ನೊಬ್ಬರ ಮನೆಯಲ್ಲಿ ಇದ್ದಂತಾಯಿತು, ಬಿತ್ತನೆಯಾಗಲಿಲ್ಲ. ಒಪ್ಪಂದದ ಅವಧಿ ಮುಗಿದು ತರಬೇತುದಾರರು ಹೊರಟ ಮೇಲೆ ದುರಸ್ತಿಗೆ ದುಡ್ಡಿಲ್ಲದೆ ಯಂತ್ರಗಳು ಧೂಳು ತಿಂದವು. ಅದೇ ಕಾಲದಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಸರಕಾರಿ ಶಾಲೆಗಳಿಗೆ ಕಂಪ್ಯೂಟರ್ ಪಾಠಗಳ ಸಿ.ಡಿ.ಗಳನ್ನು ಸಿದ್ಧಪಡಿಸಿ ಕೊಟ್ಟಿತ್ತು. ಕೆಲ ವರ್ಷಗಳ ಅನುಭವದ ನಂತರ, ಯಂತ್ರ ಶಿಕ್ಷಕರ ಜಾಗ ತುಂಬಲಾರದೆಂದು ಒಪ್ಪಿ ಶಿಕ್ಷಕರೊಂದಿಗಿನ ಕೆಲಸಕ್ಕೆ ತಿರುಗಿತು. ಇದಕ್ಕೆ ಎದುರಾದ ಒಳ್ಳೆಯ ಉದಾಹರಣೆಯೂ ನಮ್ಮಲ್ಲೇ ಇದೆ. 2011ರಿಂದ ರಾಜ್ಯದ ಶಿಕ್ಷಣ ಇಲಾಖೆಯೂ ಐಟಿ ಫಾರ್ ಚೇಂಜ್ ಸಂಸ್ಥೆಯೂ ಸೇರಿ ಪ್ರೌಢಶಾಲೆಗಳ ವಿಷಯ ಶಿಕ್ಷಕರ ವೇದಿಕೆಗಳನ್ನು ಕಟ್ಟಿದಾಗ, ಗಣಿತ ವಿಜ್ಞಾನ ಸಮಾಜವಿಜ್ಞಾನ ಕಲಿಸುವವರೇ ಉಚಿತ ತಂತ್ರಾಂಶ ಕಲಿತು, ಕನ್ನಡದಲ್ಲಿ ಪಾಠಸಾಮಗ್ರಿ ಬರೆದು ಹಂಚಿಕೊಂಡರು. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಸಂಗ್ರಹ ಹಾಗೆ ಬೆಳೆಯಿತು. ‘ಮಠಪತ್ರಿಕೆ’ 1865ರಲ್ಲಿ ಮಾಡಿದ್ದನ್ನೇ ಇದು ಹೊಸ ಸಾಧನದಲ್ಲಿ ಮಾಡಿತು: ಮಾಸ್ತರರನ್ನು ಮೊದಲು ಬರಹಗಾರರನ್ನಾಗಿಸಿತು.

ಇಂದಿನ ಮಾಸ್ತರರ ಕೈಯಲ್ಲಿ ಮೊಬೈಲ್ ಇದೆ, ಅವರು ಅದರಲ್ಲಿ ಬರೆಯುತ್ತಲೇ ಇರುತ್ತಾರಲ್ಲ ಎಂದು ಕೇಳಬಹುದು. ಬರೆಯುವುದು ನಿಜ, ಆದರೆ ಏನನ್ನು? ವಿದ್ಯಾರ್ಥಿಗಳ ಸಾಧನೆಯ ಅಂಕಿಅಂಶ, ಬಿಸಿಯೂಟದ ಲೆಕ್ಕ, ಸಮವಸ್ತ್ರ ಪುಸ್ತಕಗಳ ವಿವರ, ಮೇಲಿನವರು ಕೇಳಿದ ತುರ್ತು ಮಾಹಿತಿ. ಟಾಕು ಬಂದಾಗ ಅದು ಮಾಸ್ತರನಿಗೆ ಊರಿನ ಗೌರವ ತಂದಿತ್ತು. ಡಿಜಿಟಲ್ ಸಾಧನ ಬಂದದ್ದು ಅಂಕಣ ತುಂಬುವ ಹೊರೆಯಾಗಿ. 2020ರ ಕೊರೋನಾ ಕಾಲ ಇದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ದೂರದರ್ಶನದ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಂದವು. ‘ವಿದ್ಯಾಗಮ’ ಯೋಜನೆಯಲ್ಲಿ ಶಿಕ್ಷಕರು ಗುಡಿಕಟ್ಟೆ, ಮರದ ನೆರಳು ಹುಡುಕಿಕೊಂಡು ಓಣಿಓಣಿಗೆ ಹೋದರು. ಮೊಬೈಲ್ ಇದ್ದ ಮನೆಗಳಿಗೆ ವಾಟ್ಸಾಪ್‌ನಲ್ಲಿ ಮನೆಗೆಲಸ ಹೋಯಿತು. ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆದು ಅದರ ಫೋಟೋ ಕಳಿಸಿದರು. ಮಾಸ್ತರರು ಆ ಚಿತ್ರವನ್ನು ಹಿಗ್ಗಿಸಿ ಓದಬಹುದಿತ್ತೇ ಹೊರತು ಸಾಲಿನ ನಡುವೆ ತಿದ್ದಿ ತೋರಿಸುವುದು ಕಷ್ಟವಾಗಿತ್ತು. ಸಾಧನ ಡಿಜಿಟಲ್ ಆಗಿದ್ದರೂ ಬರಹ ಹಳೆಯದೇ ಆಗಿತ್ತು. ಆ ದಿನಗಳಲ್ಲಿ ಶಿಕ್ಷಕರು ತೋರಿದ ನಿಷ್ಠೆಯನ್ನು ಕಂಡ ಮೇಲೂ ಅವರ ಮನಸ್ಸಿಲ್ಲದ್ದರಿಂದಲೇ ಡಿಜಿಟಲ್ ಬರಹ ಬರಲಿಲ್ಲ ಎನ್ನುವುದು ಅನ್ಯಾಯ.

ಈ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ತೂಕದ್ದು ಕೈಬರಹದ್ದು. ಕೈಯಿಂದ ಬರೆಯುವಾಗ ಮೆದುಳಿನ ಹೆಚ್ಚು ಭಾಗಗಳು ಕೂಡಿ ಕೆಲಸ ಮಾಡುತ್ತವೆಂದು ನಾರ್ವೆಯ ಆಡ್ರಿ ವಾನ್ ಡೆರ್ ಮೇರ್ ಮತ್ತು ಸಂಗಡಿಗರ 2024ರ ಅಧ್ಯಯನ ತೋರಿಸಿದೆ. ಸ್ವೀಡನ್ 2023ರಲ್ಲಿ ಅಚ್ಚಿನ ಪುಸ್ತಕ, ಕೈಬರಹಗಳಿಗೆ ಮತ್ತೆ ಒತ್ತು ಕೊಟ್ಟಿತು. ಈ ಎಚ್ಚರಿಕೆ ಸರಿಯಾದದ್ದು, ನಮ್ಮ ಕೂಲಿಮಠಗಳಿಗೆ ಗೊತ್ತಿದ್ದದ್ದು ಕೂಡ. ಉಸುಕಿನಲ್ಲಿ ಬೆರಳಾಡಿಸದೆ ಅಕ್ಷರ ಮನಸ್ಸಿಗೆ ಇಳಿಯದೆಂದು ಅವು ನಂಬಿದ್ದವು. ಹಾಗಾಗಿ ಕೆಳಗಿನ ತರಗತಿಗಳಲ್ಲಿ ಕೈಬರಹವೇ ಇರಲಿ. ಆದರೆ ಉಸುಕು ಬಿಟ್ಟು ಹಲಿಗೆಗೆ, ಹಲಿಗೆ ಬಿಟ್ಟು ಕಾಗದಕ್ಕೆ ಹೋಗುವಾಗ ಪ್ರತಿ ಮೆಟ್ಟಿಲಿಗೂ ಅದರದೇ ಕೆಲಸವಿತ್ತು. ಹಿಂದಿನದನ್ನು ಅಲ್ಲಗಳೆಯುವ ಅಗತ್ಯ ಯಾರಿಗೂ ಬರಲಿಲ್ಲ. ಏಳು ಎಂಟನೆಯ ತರಗತಿಯ ಮಗು ಅಕ್ಷರ ಕಲಿತು ಮುಗಿಸಿರುತ್ತದೆ. ಈಗ ಅದು ಕಲಿಯಬೇಕಾದದ್ದು ವಿಚಾರವನ್ನು ಕಟ್ಟುವುದು. ಅಲ್ಲಿ ತಿದ್ದಲು ಬರುವ ಬರಹ ಬೇಕು.

ಎರಡನೆಯ ಆಕ್ಷೇಪ, ಇಂದಿನ ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ, ಅವರೇ ನಮಗಿಂತ ಮುಂದಿದ್ದಾರೆ ಎಂಬುದು. 2024ರ ಅಸರ್ ಶಿಕ್ಷಣ ಸಮೀಕ್ಷೆಯ ವರದಿಯ ಪ್ರಕಾರ ಗ್ರಾಮೀಣ ಭಾರತದ 14ರಿಂದ 16 ವಯಸ್ಸಿನ ಮಕ್ಕಳಲ್ಲಿ ಶೇ. 82.2ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಅವರಲ್ಲಿ ಸಾಮಾಜಿಕ ಜಾಲತಾಣಕ್ಕೆ ಅದನ್ನು ಬಳಸಿದವರು ಶೇ. 76, ಕಲಿಕೆಗೆ ಬಳಸಿದವರು ಶೇ. 57. ಬಳಸಲು ಬರುವುದಕ್ಕೂ ಬರೆಯಲು ಬರುವುದಕ್ಕೂ ಇರುವ ಅಂತರವನ್ನು ಈ ಅಂಕಿಗಳೇ ಹೇಳುತ್ತವೆ. ಕನ್ನಡ ಮಾತನ್ನು ರೋಮನ್ ಅಕ್ಷರಗಳಲ್ಲಿ ಅರ್ಧ ಸಾಲು ಒತ್ತಿ ಕಳಿಸುವ ಹುಡುಗನಿಗೆ ದೀರ್ಘ ಹ್ರಸ್ವಗಳ ಭೇದ, ಅಲ್ಪಪ್ರಾಣ ಮಹಾಪ್ರಾಣಗಳ ಭೇದ ಯಾವುದೂ ಬೇಕಾಗುವುದಿಲ್ಲ. ಅವನು ದಿನವೂ ಬರೆಯುತ್ತಾನೆ, ದಿನವೂ ತನ್ನ ಲಿಪಿಯಿಂದ ಒಂದು ಹೆಜ್ಜೆ ದೂರ ಹೋಗುತ್ತಾನೆ. ಶಾಲೆ ಕನ್ನಡ ಕೀಲಿಮಣೆಯನ್ನು ಕಲಿಸದಿದ್ದರೆ ಕಲಿಸುವವರು ಇನ್ನಾರೂ ಇಲ್ಲ.

ಮಾತಾಡಿದರೆ ಸಾಕು, ಮೊಬೈಲೇ ಬರೆಯುತ್ತದೆ. ಕೃತಕ ಬುದ್ಧಿಮತ್ತೆ ಪ್ರಬಂಧವನ್ನೇ ಬರೆದುಕೊಡುತ್ತದೆ. ಇನ್ನು ಕೀಲಿಮಣೆ ಕಲಿಸಿ ಏನು ಫಲ ಎಂಬ ಪ್ರಶ್ನೆ ಈಗ ಹೊಸದಾಗಿ ಹುಟ್ಟಿದೆ. ಅರ್ಥವರಿಯದೆ ಪದ್ಯ ಒಪ್ಪಿಸುವುದನ್ನು ಕಂಡು ಕ್ಯಾಂಬೆಲ್ ಬೇಸರಪಟ್ಟು ಇನ್ನೂರು ವರ್ಷಗಳಾದವು. ಯಂತ್ರ ಬರೆದುಕೊಟ್ಟದ್ದನ್ನು ಓದದೆ ಒಪ್ಪಿಸುವ ವಿದ್ಯಾರ್ಥಿ ಆ ಕೂಲಿಮಠದ ನೆಲಕ್ಕೇ ಮರಳಿ ಹೋಗಿ ಕೂತಂತೆ. ಮಾತಿನಿಂದ ಮೂಡಿದ ಸಾಲಿನಲ್ಲಿ ತಪ್ಪು ಯಾವುದು, ಯಂತ್ರ ಕಟ್ಟಿದ ವಾಕ್ಯದಲ್ಲಿ ಸುಳ್ಳು ಯಾವುದು ಎಂದು ಹೇಳಬಲ್ಲವನು ತಾನೇ ಬರೆದು, ತಿದ್ದಿ, ಪಳಗಿದವನು. ಯಂತ್ರ ಜಾಣವಾದಷ್ಟೂ ಅದರ ಬರಹವನ್ನು ತೂಗಿ ನೋಡುವ ಮಾಸ್ತರರ ಬೆಲೆ ಏರುತ್ತದೆ.

ಕೊನೆಯ ಆಕ್ಷೇಪ ಬಡತನದ್ದು. ಕೊಠಡಿ ಸೋರುವ, ಕರೆಂಟು ಕೈಕೊಡುವ, ಒಬ್ಬರೇ ಮಾಸ್ತರರು ಎರಡು ಮೂರು ತರಗತಿ ನೋಡುವ ಶಾಲೆಯಲ್ಲಿ ಇದೆಲ್ಲ ಆಗುವ ಮಾತೇ ಎಂದು ಕೇಳುವವರ ನೋವು ನಿಜವಾದದ್ದು. ಆ ಕೊರತೆಗಳನ್ನು ಸರಕಾರ ತುಂಬಲೇಬೇಕು. ಖಾಲಿ ಹುದ್ದೆ ತುಂಬದೆ ಯಂತ್ರ ಕಳಿಸುವುದು ಹೊಣೆಗೇಡಿತನ. ಆದರೆ ಪ್ರತಿ ಮಗುವಿಗೂ ಒಂದು ಯಂತ್ರ ಬರುವವರೆಗೆ ಕಾಯಬೇಕೆಂಬ ಮಾತನ್ನು ಕೂಲಿಮಠದ ಚರಿತ್ರೆ ಒಪ್ಪುವುದಿಲ್ಲ. ಹಿರಿಯ ಹುಡುಗರು ಕಿರಿಯರಿಗೆ ಕಲಿಸುವ ಏರ್ಪಾಡನ್ನು ನಡೆಸಿ ತೋರಿಸಿದವರು ಈ ನಾಡಿನ ಬಡ ಗುರುಗಳು. ಒಂದು ಯಂತ್ರದ ಸುತ್ತ ನಾಲ್ವರು ಕೂತು, ಒಬ್ಬರು ಹೇಳಿ ಒಬ್ಬರು ಒತ್ತಿ ಇಬ್ಬರು ತಿದ್ದಿ ಒಂದು ಬರಹ ಕಟ್ಟುವುದು ಸಾಧ್ಯ. ಕೂಡಿ ಚರ್ಚಿಸಿ ತಿದ್ದಿದ ಬರಹ ಒಂಟಿ ಬರಹಕ್ಕಿಂತ ಎಷ್ಟೋ ಸಲ ಗಟ್ಟಿಯಾಗಿಯೂ ಇರುತ್ತದೆ.

ಹಾಗಾದರೆ ಆಗಬೇಕಾದ್ದೇನು ಎಂಬುದನ್ನು ಚರಿತ್ರೆಯೇ ಅನುಕ್ರಮವಾಗಿ ಹೇಳುತ್ತಿದೆ. ಮೊದಲು ಮಾಸ್ತರರಿಗೆ ಸಾಧನ ಮತ್ತು ಬಿಡುವು. ಅಂಕಣ ತುಂಬುವ ಕೆಲಸವನ್ನು ಅವರ ಹೆಗಲಿನಿಂದ ಇಳಿಸಿ, ಕನ್ನಡದಲ್ಲಿ ಸ್ವಂತದ್ದನ್ನು ಬರೆಯಲು, ತಮ್ಮ ಊರಿನ ಇತಿಹಾಸವನ್ನೋ ತಮ್ಮ ಪಾಠದ ಅನುಭವವನ್ನೋ ಬರೆದು ಪ್ರಕಟಿಸಲು ಅವಕಾಶ ಕೊಡಬೇಕು. ಆಮೇಲೆ ಒಂದೇ ಕೀಲಿಮಣೆ, ಯೂನಿಕೋಡ್ ಒಂದೇ, ಎಲ್ಲ ಶಾಲೆಗೂ, ಎಲ್ಲ ತರಬೇತಿ ಕಾಲೇಜಿಗೂ. ಕೊನೆಗೆ ಪರೀಕ್ಷೆ. ಎಸ್ಸೆಸ್ಸೆಲ್ಸಿಯ ಲಿಖಿತ ಪರೀಕ್ಷೆ ಪೆನ್ನಿನಲ್ಲೇ ನಡೆಯಲಿ. ಆಂತರಿಕ ಮೌಲ್ಯಮಾಪನದ ಅಂಕಗಳಲ್ಲಿ ಕೆಲವನ್ನಾದರೂ ಮೂರು ಸಲ ತಿದ್ದಿ ಸಿದ್ಧಪಡಿಸಿದ ಒಂದು ಡಿಜಿಟಲ್ ಬರಹಕ್ಕೆ ಇಟ್ಟರೆ, ಮಾಸ್ತರರು ಅದಕ್ಕೆ ಕೊಡುವ ಸಮಯಕ್ಕೆ ಒಂದು ನೆಲೆ ಸಿಗುತ್ತದೆ. ಈ ಕೆಲಸಕ್ಕೆ ರಾಜಧಾನಿಯ ಕಡೆ ನೋಡುತ್ತ ಕೂರಬೇಕಿಲ್ಲ. ಸಣ್ಣ ಊರಿನಲ್ಲಿದ್ದುಕೊಂಡೇ ಸುತ್ತಲಿನ ಹಳ್ಳಿಗಳನ್ನು ಓದಿಸಿದ ಹಂಸಭಾವಿಯಂಥ ವಿದ್ಯಾಕೇಂದ್ರಗಳು, ಧಾರವಾಡದ ನಾರ್ಮಲ್ ಸ್ಕೂಲ್ ಒಂದು ಕಾಲದಲ್ಲಿ ಮಾಡಿದ್ದನ್ನು ತಮ್ಮ ತಾಲೂಕಿನ ಮಟ್ಟಿಗೆ ಮಾಡಬಲ್ಲವು. ಉಸುಕು, ಪಾಟಿ, ಟಾಕು, ಮೂರನ್ನೂ ಈ ಸೀಮೆಯ ಮಕ್ಕಳ ಕೈಗೆ ಕೊಟ್ಟವರು ಮಾಸ್ತರರು. ಕೀಲಿಮಣೆಯನ್ನು ಕೊಡಬೇಕಾದವರೂ ಅವರೇ. ಅದಕ್ಕೆ ಮುಂಚೆ ಅದನ್ನು ಅವರ ಕೈಗೆ, ಅವರ ಸ್ವಂತ ಬರಹಕ್ಕಾಗಿ, ಮರ್ಯಾದೆಯಿಂದ ಒಪ್ಪಿಸುವುದು ನಾಡಿನ ಹೊಣೆ.